ಪತ್ರ ಕಳಿಸಿದೆ, ಮುಟ್ಟಲಿಲ್ಲ ಯಾಕೆ?

ಈ ತಿಂಗಳು ಬಂದ ಪ್ರಶ್ನೆಗಳನ್ನು ಟೇಬಲ್ ಮೇಲೆ ಹರಡಿಕೊಂಡು ಕೂತಾಗ, ಅರ್ಧಕ್ಕಿಂತ ಜಾಸ್ತಿ ಜನ ಒಂದೇ ಸಂಕಟ ಬರೆದಿರುವುದು ಕಂಡಿತು. ಕಷ್ಟಪಟ್ಟು ನ್ಯೂಸ್‌ಲೆಟರ್ ಬರೆದು ಇಮೇಲ್‌ನಲ್ಲಿ ಕಳಿಸುತ್ತಾರೆ. ಅದು ಓದುಗರ ಸ್ಪ್ಯಾಮ್ ಫೋಲ್ಡರ್‌ಗೆ, ಅಂದರೆ ಬೇಡದ ಪತ್ರಗಳ ಡಬ್ಬಿಗೆ, ಹೋಗಿ ಬೀಳುತ್ತದೆ. ವಿಜಯಪುರದಲ್ಲಿ ಕೂತು ಹನ್ನೊಂದು ವರ್ಷದಿಂದ ಸಣ್ಣ ಅಂಗಡಿಗಳ, ಸಂಘಗಳ ಇಮೇಲ್ ಕೆಲಸ ಮಾಡಿಕೊಡುತ್ತಿದ್ದೇನೆ. ಈ ಸಂಕಟ ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ಮೊಬೈಲ್, ಪ್ರಿಂಟರ್ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಇದೊಂದನ್ನೇ ತೆಗೆದುಕೊಂಡಿದ್ದೇನೆ.

ಅಕ್ಕಾರೆ, ನಮ್ಮದು ಇಳಕಲ್ಲಿನಲ್ಲಿ ಸೀರೆ ಅಂಗಡಿ. ಅಪ್ಪ, ದೊಡ್ಡಪ್ಪ ಇಬ್ಬರೂ ನೇಕಾರರು. ಕೊಂಡವರು ಕೇಳಿದ್ದಕ್ಕೆ ತಿಂಗಳಿಗೊಂದು ನ್ಯೂಸ್‌ಲೆಟರ್ ಶುರು ಮಾಡಿದೆ. ಈಗ 640 ಜನ ಇದ್ದಾರೆ. ಮೊದಲು ಚೆಂದ ಹೋಗುತ್ತಿತ್ತು. ದೀಪಾವಳಿ ಆದಮೇಲೆ ಯಾರನ್ನು ಕೇಳಿದರೂ ‘ಸ್ಪ್ಯಾಮ್‌ನಾಗ ಬಿದ್ದೈತ್ರಿ’ ಅನ್ನುತ್ತಾರೆ. ಮೋಸದ ಮಾತು ಒಂದೂ ಬರೆದಿಲ್ಲ. ಏನ್ ಮಾಡ್ಲಿ ರೀ?
ಇಳಕಲ್ಲಿನ ಓದುಗರು

ನಿಮ್ಮ ಪ್ರಶ್ನೆ ಬಂದ ಕೂಡಲೇ, ನನ್ನನ್ನೂ ಪಟ್ಟಿಗೆ ಸೇರಿಸಿ ಒಂದು ಪತ್ರ ಕಳಿಸಿ ಅಂತ ಕೇಳಿದ್ದೆ, ನೆನಪಿದೆ ಅಲ್ವಾ? ಅದು ನನಗೂ ಸ್ಪ್ಯಾಮ್‌ಗೇ ಬಂತು. ಒಳ್ಳೆಯದೇ ಆಯಿತು. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಪತ್ರದ ಬಲಗಡೆ ಇರುವ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಅಂತ ಕೊಟ್ಟೆ. ಪತ್ರದ ಒಳಮೈ ಅಲ್ಲಿ ಕಾಣುತ್ತದೆ. ಮೇಲುಗಡೆಯೇ ಮೂರು ಸಾಲು ಇದ್ದವು. ಎಸ್‌ಪಿಎಫ್: ಪಾಸ್. ಡಿಕಿಮ್: ಪಾಸ್. ಡಿಮಾರ್ಕ್: ಫೇಲ್.

ಈ ಮೂರು ಸಾಲು ಓದಲು ಬಂದರೆ ಅರ್ಧ ರೋಗ ಗೊತ್ತಾದ ಹಾಗೆ. ಇಮೇಲ್‌ಗೆ ಒಂದು ಹಳೆಯ ದೋಷ ಇದೆ. ಯಾರು ಬೇಕಾದರೂ ಯಾರ ಹೆಸರಿನಲ್ಲಾದರೂ ಪತ್ರ ಕಳಿಸಬಹುದು. ಕಳಿಸಿದವರ ಹೆಸರು ಅನ್ನುವುದು ಪತ್ರದ ಮೇಲೆ ಬರೆದ ಅಕ್ಷರ ಅಷ್ಟೇ, ಅದನ್ನು ಯಾರೂ ತಡೆಯುತ್ತಿರಲಿಲ್ಲ. ಇದನ್ನು ಸರಿ ಮಾಡಲಿಕ್ಕೆ ಈ ಮೂರು ಪರೀಕ್ಷೆ ಒಂದರ ಹಿಂದೆ ಒಂದು ಬಂದವು.

ಎಸ್‌ಪಿಎಫ್ ಅಂದರೆ ನಿಮ್ಮ ಬಾಗಿಲಿಗೆ ನೀವೇ ಅಂಟಿಸಿದ ಒಂದು ಚೀಟಿ. ‘ನಮ್ಮ ಹೆಸರಿನಲ್ಲಿ ಪತ್ರ ಒಯ್ಯಲು ಇಂಥಿಂಥ ಸರ್ವರ್‌ಗಳಿಗೆ ಮಾತ್ರ ಅಪ್ಪಣೆ ಇದೆ’ ಅಂತ ಅದರಲ್ಲಿ ಬರೆದಿರುತ್ತದೆ. ಡಿಕಿಮ್ ಅಂದರೆ ಮುದ್ರೆ. ಪ್ರತಿ ಪತ್ರದ ಮೇಲೂ ಬೀಳುತ್ತದೆ. ದಾರಿಯಲ್ಲಿ ಯಾರಾದರೂ ಪತ್ರ ತಿದ್ದಿದರೆ ಮುದ್ರೆ ಒಡೆಯುತ್ತದೆ. ಡಿಮಾರ್ಕ್ 2015ರಲ್ಲಿ ಲಿಖಿತ ನಿಯಮವಾಗಿ ಬಂತು. ಓದುಗರ ಕಣ್ಣಿಗೆ ಕಾಣುವ ಕಳಿಸಿದವರ ವಿಳಾಸಕ್ಕೂ, ಆ ಚೀಟಿ ಅಥವಾ ಮುದ್ರೆಯಲ್ಲಿರುವ ಡೊಮೈನ್‌ಗೂ (ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರು) ಹೊಂದಿಕೆ ಇದೆಯೇ ಅಂತ ಅದು ನೋಡುತ್ತದೆ.

ನಿಮ್ಮಲ್ಲಿ ಇದೇ ಹೊಂದಿಕೆ ತಪ್ಪಿದೆ. ಪತ್ರ ಕಳಿಸುತ್ತಿರುವುದು ಒಂದು ನ್ಯೂಸ್‌ಲೆಟರ್ ಸೇವೆಯ ಸರ್ವರ್‌ನಿಂದ. ಮುದ್ರೆಯೂ ಆ ಸೇವೆಯದೇ. ಆದರೆ ಮೇಲೆ ಕಾಣುವ ವಿಳಾಸ ನಿಮ್ಮ ಜಿಮೇಲ್‌ದು. ಇಳಕಲ್ ಸೀರೆಯ ಮನೆಯವರಿಗೆ ಇದನ್ನು ಹೇಳುವುದು ಸುಲಭ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸುತ್ತೀರಿ. ಕೊಂಡಿ ತಪ್ಪಿದರೆ ಸೆರಗು ಎಷ್ಟೇ ಚೆಂದ ಇದ್ದರೂ ಸೀರೆ ಆಗುವುದಿಲ್ಲ. ನಿಮ್ಮ ಎಸ್‌ಪಿಎಫ್ ಸರಿ ಇದೆ, ಡಿಕಿಮ್ ಸರಿ ಇದೆ, ವಿಳಾಸಕ್ಕೂ ಅವುಗಳಿಗೂ ಕೊಂಡಿ ಬಿದ್ದಿಲ್ಲ.

ಅಂಗಡಿಯ ಹೆಸರಿನಲ್ಲಿ ನಿಮಗೆ ಡೊಮೈನ್ ಇದೆ ಅಂತ ಆಮೇಲೆ ತಿಳಿಸಿದ್ದೀರಿ. ಹಾಗಾದರೆ ಕೆಲಸ ಅರ್ಧ ದಿನದ್ದು. ಆ ಡೊಮೈನ್‌ನಲ್ಲಿ ಒಂದು ಇಮೇಲ್ ವಿಳಾಸ ಮಾಡಿಕೊಳ್ಳಿ. ನ್ಯೂಸ್‌ಲೆಟರ್ ಇನ್ನು ಮೇಲೆ ಅದರಿಂದಲೇ ಹೋಗಲಿ. ನಂತರ ನಿಮ್ಮ ನ್ಯೂಸ್‌ಲೆಟರ್ ಸೇವೆಯ ಸೆಟ್ಟಿಂಗ್ಸ್‌ಗೆ ಹೋಗಿ, ಡೊಮೈನ್ ದೃಢೀಕರಣ ಅನ್ನುವ ಕಡೆ ನೋಡಿ. ಅಲ್ಲಿ ಎರಡು ಮೂರು ಸಾಲು ಕೊಡುತ್ತಾರೆ. ಅವನ್ನು ಒಂದು ಅಕ್ಷರವೂ ಬಿಡದೆ ಕಾಪಿ ಮಾಡಿ, ಡೊಮೈನ್ ಕೊಂಡ ಕಂಪನಿಯ ಖಾತೆಯಲ್ಲಿ ಡಿಎನ್‌ಎಸ್ ಅನ್ನುವ ಜಾಗಕ್ಕೆ ಸೇರಿಸಬೇಕು. ಕೈಯಿಂದ ಟೈಪ್ ಮಾಡಬೇಡಿ. ಒಂದು ಚುಕ್ಕಿ ತಪ್ಪಿದರೂ ಕೆಡುತ್ತದೆ. ಡಿಮಾರ್ಕ್‌ಗೂ ಅಲ್ಲೇ ಒಂದು ಸಾಲು ಹಾಕಿ. ಶುರುವಿನಲ್ಲಿ ಪಾಲಿಸಿ ‘ನನ್’ (ಫೇಲ್ ಆದರೂ ಏನೂ ಮಾಡಬೇಡಿ) ಅಂತ ಇರಲಿ. ಎರಡು ಮೂರು ತಿಂಗಳು ಎಲ್ಲ ಸರಿ ಇದೆ ಅಂತ ಕಂಡಮೇಲೆ ‘ಕ್ವಾರಂಟೈನ್’ಗೆ (ಫೇಲ್ ಆದದ್ದನ್ನು ಸ್ಪ್ಯಾಮ್‌ಗೆ ಹಾಕಿ) ಏರಿಸಿ.

ಇಲ್ಲಿ ಬಹಳ ಜನ ಎಡವುವುದು ಎಸ್‌ಪಿಎಫ್‌ನಲ್ಲಿ. ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಆಫೀಸ್ ಮೇಲ್‌ಗೆ ಒಂದು, ನ್ಯೂಸ್‌ಲೆಟರ್‌ಗೆ ಇನ್ನೊಂದು ಅಂತ ಎರಡು ಸಾಲು ಹಾಕಿದರೆ ಎರಡೂ ಕೆಲಸ ಮಾಡುವುದಿಲ್ಲ. ಎರಡೂ ಸೇವೆಗಳ ಹೆಸರನ್ನು ಒಂದೇ ಸಾಲಿನಲ್ಲಿ ಸೇರಿಸಿ. ಹೋದ ವರ್ಷ ಒಂದು ಸೌಹಾರ್ದ ಸಹಕಾರಿಯ ಮೇಲ್ ಹದಿನೈದು ದಿನ ಹೀಗೇ ಕೆಟ್ಟಿತ್ತು. ನಾನು ಹೋಗಿ ಮಾಡಿದ್ದು ಇಷ್ಟೇ, ಎರಡು ಸಾಲನ್ನು ಒಂದು ಮಾಡಿದೆ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಪ್ರಶ್ನೆಯಲ್ಲಿ ‘ದೀಪಾವಳಿ ಆದಮೇಲೆ’ ಅನ್ನುವ ಮಾತು ನನ್ನನ್ನು ಬಿಡಲಿಲ್ಲ. ಕೊಂಡಿ ಮೊದಲಿನಿಂದಲೂ ಬಿದ್ದಿರಲಿಲ್ಲ. ಹಾಗಿದ್ದರೂ ಪತ್ರ ಮುಟ್ಟುತ್ತಿತ್ತು. ಹಾಗಾದರೆ ದೀಪಾವಳಿಯಲ್ಲಿ ಏನಾಯಿತು? ಫೋನ್ ಮಾಡಿ ಕೇಳಿದಾಗ ನೀವು ಮುಚ್ಚುಮರೆ ಇಲ್ಲದೆ ಹೇಳಿದಿರಿ. ಹಬ್ಬದ ವಾರದಲ್ಲಿ ಐದು ಪತ್ರ ಕಳಿಸಿದ್ದೀರಿ. ಐದರಲ್ಲೂ ರಿಯಾಯಿತಿ ಸುದ್ದಿ.

ನನ್ನ ಲೆಕ್ಕದಲ್ಲಿ ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ಜನ ನಿಮಗೆ ಒಪ್ಪಿಗೆ ಕೊಟ್ಟಿದ್ದು ತಿಂಗಳಿಗೊಂದು ಪತ್ರಕ್ಕೆ. ಹೊಸ ಬಣ್ಣ ಯಾವುದು ಮಗ್ಗದ ಮೇಲಿದೆ, ಗೋಮಿ ದಡಿಗೂ ಚಿಕ್ಕಿ ಪರಾಸ ದಡಿಗೂ ಏನು ವ್ಯತ್ಯಾಸ ಅಂತ ಓದಲಿಕ್ಕೆ. ವಾರಕ್ಕೆ ಐದು ಅಂಗಡಿ ಚೀಟಿಗೆ ಯಾರೂ ಹೂಂ ಅಂದಿರಲಿಲ್ಲ. ಬೇಡ ಅನ್ನಿಸಿದವರು ಅನ್‌ಸಬ್‌ಸ್ಕ್ರೈಬ್, ಅಂದರೆ ಪಟ್ಟಿಯಿಂದ ಹೊರಬರುವ ಲಿಂಕ್, ಹುಡುಕಿರುತ್ತಾರೆ. ನಿಮ್ಮ ಪತ್ರದಲ್ಲಿ ಅದು ಎಲ್ಲಿದೆ ಗೊತ್ತಾ? ತೀರಾ ಕೆಳಗೆ, ಬಿಳಿ ಹಿನ್ನೆಲೆಯಲ್ಲಿ ತಿಳಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ. ನನಗೇ ಕನ್ನಡಕ ಸರಿ ಮಾಡಿಕೊಂಡು ಹುಡುಕಬೇಕಾಯಿತು. ಸಿಗದವರು ಕಣ್ಣೆದುರಿಗೇ ಇದ್ದ ‘ಸ್ಪ್ಯಾಮ್’ ಗುಂಡಿ ಒತ್ತಿದ್ದಾರೆ.

ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿದವು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000 ಪತ್ರ ಕಳಿಸುವವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿರಬೇಕು. ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗಬೇಕು, ಎರಡು ದಿನದೊಳಗೆ ಹೆಸರು ತೆಗೆಯಬೇಕು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ಔಟ್‌ಲುಕ್ ಖಾತೆಗಳಿಗೆ ಇಂಥದ್ದೇ ನಿಯಮ ತಂದಿತು. ನಾನು 640 ಜನಕ್ಕೆ ಮಾತ್ರ ಕಳಿಸುವವನು, ನನಗೇನು ಅನ್ನಬೇಡಿ. ಜಿಮೇಲ್‌ನ ಸ್ಪ್ಯಾಮ್ ದೂರಿನ ಮಿತಿ ಸಣ್ಣವರಿಗೂ ಇದೆ. ಅದು ಶೇಕಡಾ 0.3 ಮುಟ್ಟಬಾರದು, 0.1ರ ಒಳಗಿದ್ದರೆ ಒಳ್ಳೆಯದು ಅನ್ನುತ್ತಾರೆ. ಸರಳವಾಗಿ ಲೆಕ್ಕ ಹಾಕಿ. 640 ಜನರಲ್ಲಿ ಇಬ್ಬರು ಆ ಗುಂಡಿ ಒತ್ತಿದರೆ ಸಾಕು, ನೀವು 0.3 ದಾಟಿದಿರಿ.

ಈಗ ಮಾಡಬೇಕಾದ್ದು. ಡೊಮೈನ್ ಕೆಲಸ ಮುಗಿಸಿ. ಅನ್‌ಸಬ್‌ಸ್ಕ್ರೈಬ್ ಸಾಲನ್ನು ಪತ್ರದ ಮೇಲ್ಗಡೆಯೇ ಹಾಕಿ, ದೊಡ್ಡ ಅಕ್ಷರದಲ್ಲಿ. ಹೋಗುವವರು ಹೋಗಲಿ, ಅದರಿಂದ ನಷ್ಟ ಇಲ್ಲ. ಮುಂದಿನ ಪತ್ರವನ್ನು 640 ಜನಕ್ಕೂ ಒಮ್ಮೆಲೇ ಬಿಡಬೇಡಿ. ಹೊಸ ವಿಳಾಸಕ್ಕೆ ಇನ್ನೂ ಒಳ್ಳೆಯ ಹೆಸರು ಬಂದಿರುವುದಿಲ್ಲ. ಹೋದ ಮೂರು ತಿಂಗಳಲ್ಲಿ ಪತ್ರದ ಲಿಂಕ್ ಒತ್ತಿದವರು, ಸೀರೆ ಕೊಂಡವರು, ನಿಮಗೆ ಉತ್ತರ ಬರೆದವರು, ಇವರನ್ನು ಆರಿಸಿ. ನೂರು ಜನ ಆಗಬಹುದು. ಅವರಿಗೆ ಮೊದಲು. ಎರಡನೇ ವಾರ ಇನ್ನೂರು. ಹೀಗೆ ಏರಿಸುತ್ತಾ ಹೋಗಿ. ತೆರೆದು ಓದುವವರ ಮೂಲಕ ಹೊಸ ವಿಳಾಸಕ್ಕೆ ಒಳ್ಳೆಯ ಹೆಸರು ಬರುತ್ತದೆ. ಆರು ತಿಂಗಳಿಂದ ಒಮ್ಮೆಯೂ ಅಲ್ಲಾಡದವರಿಗೆ ‘ಇನ್ನೂ ಕಳಿಸಲೇ?’ ಅಂತ ಒಂದೇ ಸಾಲು ಬರೆದು ಕೇಳಿ. ಉತ್ತರ ಬಾರದಿದ್ದರೆ ತೆಗೆದುಬಿಡಿ.

ನಮಸ್ಕಾರ ಮೇಡಂ. ನಾವು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು, ಹದಿನಾಲ್ಕು ಜನ ಸೇರಿ ಒಣದ್ರಾಕ್ಷಿ ಮಾರುತ್ತೇವೆ. ತಾಸಗಾಂವ, ಸಾಂಗಲಿಗೇ ಒಯ್ಯುವ ಬದಲು ನೇರವಾಗಿ ಬೇಕರಿಗಳಿಗೆ, ಸಿಹಿ ಅಂಗಡಿಗಳಿಗೆ ಕೊಡಬೇಕು ಅಂತ ಆಸೆ. ಒಬ್ಬರು 8,000 ವ್ಯಾಪಾರಿಗಳ ಇಮೇಲ್ ಪಟ್ಟಿ 3,500 ರೂಪಾಯಿಗೆ ಕೊಟ್ಟರು. ಎರಡು ಸಲ ರೇಟ್ ಪತ್ರ ಕಳಿಸಿದೆವು. ಒಬ್ಬರೂ ಉತ್ತರ ಬರೆಯಲಿಲ್ಲ, ಮೇಲಾಗಿ ಸೇವೆಯವರು ನಮ್ಮ ಖಾತೆಯನ್ನೇ ನಿಲ್ಲಿಸಿದ್ದಾರೆ. ಮತ್ತೆ ಚಾಲೂ ಮಾಡಿಸುವುದು ಹೇಗೆ?
ತಿಕೋಟಾದ ಓದುಗರು

ಆ ಪಟ್ಟಿಯನ್ನು ಈಗಲೇ ಅಳಿಸಿಬಿಡಿ. ಇದನ್ನು ಕೋಪದಿಂದ ಹೇಳುತ್ತಿಲ್ಲ, 3,500 ರೂಪಾಯಿ ಹೋದ ನೋವು ನನಗೂ ಅರ್ಥವಾಗುತ್ತದೆ. ಆದರೆ ಅದನ್ನು ಇಟ್ಟುಕೊಂಡಷ್ಟು ದಿನ ನಷ್ಟ ಬೆಳೆಯುತ್ತದೆ.

ಮಾರುವ ಪಟ್ಟಿಗಳಲ್ಲಿ ಏನಿರುತ್ತದೆ ನೋಡಿ. ವೆಬ್‌ಸೈಟ್‌ಗಳಿಂದ ಯಂತ್ರ ಹಚ್ಚಿ ಹೆಕ್ಕಿದ ವಿಳಾಸಗಳು, ಮುಚ್ಚಿಹೋದ ಅಂಗಡಿಗಳ ವಿಳಾಸಗಳು, ಕೆಲಸ ಬಿಟ್ಟವರ ವಿಳಾಸಗಳು. ಅವುಗಳ ಮಧ್ಯೆ ಬಲೆಯೂ ಇರುತ್ತದೆ. ಸ್ಪ್ಯಾಮ್ ಕಾವಲು ಕಾಯುವ ಸಂಸ್ಥೆಗಳು ಯಾವ ಮನುಷ್ಯನೂ ಬಳಸದ ವಿಳಾಸಗಳನ್ನು ಬೇಕೆಂದೇ ಇಟ್ಟಿರುತ್ತವೆ. ಆ ವಿಳಾಸ ಯಾವ ನ್ಯೂಸ್‌ಲೆಟರ್‌ಗೂ ಹೆಸರು ಕೊಟ್ಟಿರುವುದಿಲ್ಲ. ಹಾಗಾಗಿ ಅದಕ್ಕೆ ಪತ್ರ ಬಂತು ಅಂದರೆ ಕಳಿಸಿದವರು ಕೇಳದೆ ಕಳಿಸಿದ್ದಾರೆ ಅಂತ ಸಾಬೀತಾದ ಹಾಗೆ. 1998ರಿಂದ ಕೆಲಸ ಮಾಡುತ್ತಿರುವ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಇಂಥವರ ಸರ್ವರ್, ಡೊಮೈನ್‌ಗಳನ್ನು ತಡೆಪಟ್ಟಿಗೆ ಹಾಕುತ್ತವೆ. ಆ ತಡೆಪಟ್ಟಿ ನೋಡಿ ಬೇರೆ ಬೇರೆ ಕಂಪನಿಗಳ ಮೇಲ್ ಸರ್ವರ್‌ಗಳು ಬಾಗಿಲು ಹಾಕುತ್ತವೆ. ನ್ಯೂಸ್‌ಲೆಟರ್ ಸೇವೆಯವರಿಗೆ ಇದರ ಭಯ ಇದೆ. ಅವರ ಒಂದೇ ಸರ್ವರ್‌ನಿಂದ ನೂರಾರು ಗಿರಾಕಿಗಳ ಪತ್ರ ಹೋಗುತ್ತದೆ. ನಿಮ್ಮೊಬ್ಬರಿಂದ ಉಳಿದವರ ಪತ್ರವೂ ನಿಲ್ಲಬಾರದು ಅಂತ ಖಾತೆ ನಿಲ್ಲಿಸುತ್ತಾರೆ.

ನನಗೂ ಒಮ್ಮೆ ಹೀಗಾಗಿತ್ತು. 2018ರಲ್ಲಿ ಬೆಳಗಾವಿಯ ಒಂದು ಪ್ರದರ್ಶನದಲ್ಲಿ ಮಹಿಳಾ ಸಂಘವೊಂದರ ಮಳಿಗೆ ನೋಡಿಕೊಂಡಿದ್ದೆ. ಶೇಂಗಾ ಹೋಳಿಗೆ, ಕಟಕ ರೊಟ್ಟಿ, ಗುರೆಳ್ಳು ಚಟ್ನಿ. ಬಂದವರು ಹೆಸರು ಬರೆಯಲಿಕ್ಕೆ ಒಂದು ದಪ್ಪ ರಿಜಿಸ್ಟರ್ ಇಟ್ಟಿದ್ದೆವು. ನಾಲ್ಕು ದಿನದಲ್ಲಿ 412 ಹೆಸರು. ರಾತ್ರಿಯೆಲ್ಲ ಕೂತು ಟೈಪ್ ಮಾಡಿದೆ. ಚಟ್ನಿಯ ಎಣ್ಣೆ ಬಿದ್ದ ಪುಟಗಳು, ಒಬ್ಬೊಬ್ಬರ ಅಕ್ಷರ ಒಂದೊಂದು ತರಹ. ‘ಕಾಮ್’ ಇದ್ದದ್ದು ನನಗೆ ‘ಕಾನ್’ ಅಂತ ಕಂಡಿತು. ಕೆಲವರು ಇಮೇಲ್ ಜಾಗದಲ್ಲಿ ಫೋನ್ ನಂಬರ್ ಬರೆದಿದ್ದರು, ಅದಕ್ಕೆ ನಾನೇ ಜಿಮೇಲ್ ಅಂತ ಸೇರಿಸಿಬಿಟ್ಟೆ. ಬೆಳಿಗ್ಗೆ ಕಳಿಸಿದ ಪತ್ರದಲ್ಲಿ 61 ವಾಪಸ್ ಬಂದವು. ಮಧ್ಯಾಹ್ನಕ್ಕೆ ಸಂಘದ ಖಾತೆ ಬಂದ್. ಆ ಅಕ್ಕಂದಿರ ಯುಗಾದಿ ಆರ್ಡರ್ ನನ್ನ ಅವಸರದಿಂದ ಕೈತಪ್ಪಿತು. ಆ ದಿನ ಅವರ ಮುಖ ನೋಡಲು ನನಗೆ ಆಗಲಿಲ್ಲ.

ಅದರಿಂದ ಕಲಿತದ್ದನ್ನೇ ನಿಮಗೆ ಹೇಳುತ್ತೇನೆ. ಸೇವೆಯವರಿಗೆ ಸತ್ಯ ಬರೆಯಿರಿ. ಪಟ್ಟಿ ಕೊಂಡಿದ್ದೆವು, ಅಳಿಸಿದ್ದೇವೆ, ಇನ್ನು ಮುಂದೆ ಇಂಥ ಕಡೆಯಿಂದ ಮಾತ್ರ ಹೆಸರು ಸೇರಿಸುತ್ತೇವೆ ಅಂತ. ನನಗೆ ಖಾತೆ ಮರಳಿ ಕೊಟ್ಟಿದ್ದು ಅಂಥ ಪತ್ರಕ್ಕೇ. ನಂತರ ಹೊಸ ಹೆಸರಿಗೆಲ್ಲ ಎರಡು ಹಂತದ ಒಪ್ಪಿಗೆ ಇಡಿ. ಯಾರಾದರೂ ಇಮೇಲ್ ಕೊಟ್ಟರೆ ಅವರಿಗೆ ‘ನೀವೇ ಕೊಟ್ಟಿದ್ದೀರಾ?’ ಅಂತ ಒಂದು ಪತ್ರ ಹೋಗುತ್ತದೆ. ಅದರಲ್ಲಿನ ಲಿಂಕ್ ಒತ್ತಿದರೆ ಮಾತ್ರ ಪಟ್ಟಿಗೆ ಸೇರುತ್ತಾರೆ. ತಪ್ಪು ವಿಳಾಸ, ಬಲೆಯ ವಿಳಾಸ ಎರಡೂ ಅಲ್ಲೇ ಉದುರಿಹೋಗುತ್ತವೆ.

ಕಾನೂನನ್ನೂ ನೋಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಗೆ ಬಹಳ ಬೆಲೆ ಕೊಟ್ಟಿದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ತೆಗೆದುಕೊಳ್ಳುವುದೂ ಅಷ್ಟೇ ಸುಲಭ ಇರಬೇಕು ಅನ್ನುತ್ತದೆ.

ಇನ್ನು ಬೇಕರಿಗಳ ಮಾತು. ವಿಜಯಪುರ, ಬೆಳಗಾವಿ, ಹುಬ್ಬಳ್ಳಿಯ ನಲವತ್ತು ಬೇಕರಿಗೆ ನೀವೇ ಅರ್ಧ ಕಿಲೋ ಸ್ಯಾಂಪಲ್ ಹಿಡಿದು ಹೋಗಿ. ಹಸಿರು ಒಣದ್ರಾಕ್ಷಿ ಕೈಯಲ್ಲಿ ಹಿಡಿದು ನೋಡಿದವರು ರೇಟ್ ಕೇಳೇ ಕೇಳುತ್ತಾರೆ. ಆಗ ‘ವಾರದ ರೇಟ್ ಇಮೇಲ್ ಮಾಡಲೇ?’ ಅಂತ ಕೇಳಿ. ಹೂಂ ಅಂದ ಇಪ್ಪತ್ತೈದು ಜನ ಆ 8,000ಕ್ಕಿಂತ ದೊಡ್ಡ ಪಟ್ಟಿ.

ಮೇಡಂ, ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದೊಂದು ಓದುಗರ ಬಳಗ ಇದೆ. ತಿಂಗಳ ಪತ್ರಿಕೆಯನ್ನು ಇಮೇಲ್‌ನಲ್ಲಿ ಕಳಿಸುತ್ತೇನೆ. ಎಂಥೆಂಥದೋ ಅಕ್ಷರ ಕಾಣುತ್ತದೆ ಅಂತ ಕೆಲವರು ಬೈಯುತ್ತಾರೆ. ಅದಕ್ಕೆ ಪೂರ್ತಿ ಪುಟವನ್ನೇ ಫೋಟೊ ಮಾಡಿ ಕಳಿಸಿದೆ, ಅದು ಸ್ಪ್ಯಾಮ್‌ಗೆ ಹೋಯಿತು. ಕನ್ನಡದಲ್ಲಿ ಬರೆದರೆ ಸ್ಪ್ಯಾಮ್ ಅಂತಾರಾ?
ಬೆಳಗಾವಿಯ ಓದುಗರು

ಖಂಡಿತ ಇಲ್ಲ. ಕನ್ನಡದಲ್ಲಿ ಬರೆಯುವುದನ್ನು ದಯವಿಟ್ಟು ಬಿಡಬೇಡಿ. ನಾನು ಕಳಿಸುವ ಪತ್ರಗಳೆಲ್ಲ ಕನ್ನಡದವೇ, ಇನ್‌ಬಾಕ್ಸ್‌ಗೇ ಹೋಗುತ್ತವೆ. ನಿಮ್ಮ ಕಷ್ಟ ಬೇರೆ ಕಡೆ ಇದೆ.

ನೀವು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡುತ್ತಿದ್ದೀರಿ. ಆ ಫಾಂಟ್‌ನಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ರೋಮನ್ ಅಕ್ಷರಗಳನ್ನು, ಅವುಗಳ ಮೇಲೆ ಕನ್ನಡದ ರೂಪ ಹೊದಿಸಿರುತ್ತದೆ ಅಷ್ಟೇ. ನಿಮ್ಮ ಕಂಪ್ಯೂಟರ್‌ನಲ್ಲಿ ಫಾಂಟ್ ಇದೆ, ಕನ್ನಡ ಕಾಣುತ್ತದೆ. ಇಮೇಲ್ ಜೊತೆ ಫಾಂಟ್ ಹೋಗುವುದಿಲ್ಲ. ಆ ಕಡೆಯವರಿಗೆ ತಲೆಬುಡ ಇಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಸ್ಪ್ಯಾಮ್ ಸೋಸುವ ಫಿಲ್ಟರ್‌ಗೂ ಅದೇ ಕಾಣುವುದು. ಅರ್ಥವಿಲ್ಲದ ಅಕ್ಷರ ತುಂಬಿ ಕಳಿಸುವುದು ಸ್ಪ್ಯಾಮ್‌ನವರ ಹಳೆಯ ಚಾಳಿ, ಹಾಗಾಗಿ ಅದಕ್ಕೆ ಸಂಶಯ ಬರುತ್ತದೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಅದರಲ್ಲಿ ಒಳಗೂ ಕನ್ನಡ ಅಕ್ಷರವೇ ಇರುತ್ತದೆ. ನುಡಿಯಲ್ಲೂ ಯುನಿಕೋಡ್ ಇದೆ, ಕೀಲಿಮಣೆ ಅದೇ, ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ. ಹಳೆಯ ಲೇಖನಗಳನ್ನು ಪರಿವರ್ತಕದಲ್ಲಿ ಹಾಕಿ ಬದಲಾಯಿಸಿಕೊಳ್ಳಿ. ಬದಲಾದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವೊತ್ತು ಇರುವ ಕಡೆ ತಪ್ಪು ಉಳಿದಿರುತ್ತದೆ.

ಫೋಟೊ ಮಾಡಿ ಕಳಿಸುವುದು ಇನ್ನೂ ಕೆಟ್ಟ ದಾರಿ. ಒಂದೂ ಅಕ್ಷರ ಇಲ್ಲದೆ ಬರೀ ಚಿತ್ರ ಬಂದರೆ ಫಿಲ್ಟರ್‌ಗೆ ಓದಲು ಏನೂ ಸಿಗುವುದಿಲ್ಲ. ಮಾತು ಅಡಗಿಸಲು ಚಿತ್ರ ಬಳಸುವುದೂ ಸ್ಪ್ಯಾಮ್‌ನವರ ಉಪಾಯವೇ. ಅಕ್ಷರ ಅಕ್ಷರವಾಗಿಯೇ ಇರಲಿ, ಜೊತೆಗೆ ಒಂದೆರಡು ಚಿತ್ರ ಸಾಕು.

ಕನ್ನಡದವರು ನೆನಪಿಡಬೇಕಾದ ಇನ್ನೊಂದು ಲೆಕ್ಕ ಇದೆ. ಪತ್ರ 102 ಕಿಲೋಬೈಟ್ ದಾಟಿದರೆ ಜಿಮೇಲ್ ಅದನ್ನು ಮಧ್ಯದಲ್ಲೇ ಕತ್ತರಿಸಿ, ಪೂರ್ತಿ ನೋಡಲು ಇಲ್ಲಿ ಒತ್ತಿ ಅಂತ ತೋರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ‘ಸ್ತ್ರೀ’ ಅಂತ ಬರೆದರೆ ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಅದೇ ಗುರುತು, ರ, ಈಕಾರ ಅಂತ ಆರು ಚಿಹ್ನೆ. ಕಣ್ಣಿಗೆ ಒಂದೇ ಅಕ್ಷರ, ಯಂತ್ರಕ್ಕೆ 18 ಬೈಟ್. ಹಾಗಾಗಿ ನಮ್ಮ ಪತ್ರಗಳು ಬೇಗ ತುಂಬುತ್ತವೆ. ಕತ್ತರಿಸಿದ ಭಾಗದಲ್ಲಿ ಯಾವುದು ಹೋಗುತ್ತದೆ? ಕೊನೆಯಲ್ಲಿರುವ ಅನ್‌ಸಬ್‌ಸ್ಕ್ರೈಬ್ ಸಾಲು. ಅದು ಕಾಣದವರು ಏನು ಒತ್ತುತ್ತಾರೆ ಅಂತ ಇಳಕಲ್ಲಿನವರಿಗೆ ಹೇಳಿದ್ದೇನೆ. ವರ್ಡ್‌ನಿಂದ ನೇರವಾಗಿ ಕಾಪಿ ಮಾಡಿ ಅಂಟಿಸಿದರೆ ಕಣ್ಣಿಗೆ ಕಾಣದ ಕೋಡ್ ರಾಶಿ ರಾಶಿ ಬಂದು ತೂಕ ಇನ್ನೂ ಏರುತ್ತದೆ. ಮೊದಲು ನೋಟ್‌ಪ್ಯಾಡ್‌ಗೆ ಹಾಕಿ, ಅಲ್ಲಿಂದ ತೆಗೆದುಕೊಳ್ಳಿ. ಪುಸ್ತಕ ವಿಮರ್ಶೆ ಉದ್ದ ಇದ್ದರೆ ನಾಲ್ಕು ಪ್ಯಾರಾ ಪತ್ರದಲ್ಲಿ ಹಾಕಿ ಉಳಿದದ್ದಕ್ಕೆ ಲಿಂಕ್ ಕೊಡಿ.

‘ಉಚಿತ’, ‘ಆಫರ್’, ‘ರಿಯಾಯಿತಿ’ ಅನ್ನುವ ಪದ ಬಳಸಿದರೆ ಸ್ಪ್ಯಾಮ್ ಆಗುತ್ತದಂತೆ, ಹೌದೇ?
ಜಮಖಂಡಿಯ ಓದುಗರು

ಒಂದು ಪದದಿಂದ ಯಾವ ಪತ್ರವೂ ಕೆಡುವುದಿಲ್ಲ. ಸ್ಪ್ಯಾಮ್‌ಅಸ್ಯಾಸಿನ್ ಅಂತ ಒಂದು ಹಳೆಯ ಫಿಲ್ಟರ್ ಇದೆ. ಅದು ಒಂದೊಂದು ಲಕ್ಷಣಕ್ಕೆ ಅಷ್ಟಿಷ್ಟು ಅಂಕ ಕೊಡುತ್ತಾ ಹೋಗಿ, ಸಾಮಾನ್ಯವಾಗಿ ಒಟ್ಟು 5 ಮುಟ್ಟಿದರೆ ಸ್ಪ್ಯಾಮ್ ಅನ್ನುತ್ತದೆ. ಜಿಮೇಲ್‌ನಂಥವು ಓದುಗರು ಪತ್ರವನ್ನು ಏನು ಮಾಡುತ್ತಾರೆ ಅನ್ನುವುದಕ್ಕೂ ಬೆಲೆ ಕೊಡುತ್ತವೆ. ನಿಜವಾಗಿ ಉಚಿತ ಇದ್ದರೆ ಉಚಿತ ಅಂತಲೇ ಬರೆಯಿರಿ. ಮೂರು ಆಶ್ಚರ್ಯಸೂಚಕ ಬೇಡ. ಚಿಕ್ಕದು ಮಾಡಿದ ಲಿಂಕ್ ಬೇಡ, ಅದು ಎಲ್ಲಿಗೆ ಒಯ್ಯುತ್ತದೆ ಅಂತ ಓದುಗರಿಗೂ ಗೊತ್ತಾಗುವುದಿಲ್ಲ. ಹಿಂದೆ ಯಾರೂ ಬರೆಯದ ಪತ್ರಕ್ಕೆ ಉತ್ತರ ಕೊಟ್ಟ ಹಾಗೆ ವಿಷಯದ ಸಾಲಿನಲ್ಲಿ ‘ರೀ:’ ಅಂತ ಹಾಕುವವರಿದ್ದಾರೆ. ಅದು ಸುಳ್ಳು. ಮಾಡಬೇಡಿ.

ತಂಗೀ, ನಾನು ನಿವೃತ್ತ ಶಿಕ್ಷಕಿ, ಬಾಗಲಕೋಟೆ ನವನಗರದಲ್ಲಿದ್ದೇನೆ. ನಮ್ಮ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು. ಊರಿನವರು ಪುಣೆ, ಬೆಂಗಳೂರು, ಸೊಲ್ಲಾಪುರ ಅಂತ ಚದುರಿದ್ದಾರೆ. ನೆನಪಿದ್ದಷ್ಟು ಊರಿನ ಸಂಗತಿ ಬರೆದು ಹದಿನೈದು ದಿನಕ್ಕೊಮ್ಮೆ 137 ಜನಕ್ಕೆ ಇಮೇಲ್ ಮಾಡುತ್ತೇನೆ. ಅರ್ಧ ಜನಕ್ಕೆ ಮುಟ್ಟುತ್ತಿಲ್ಲ. ಒಬ್ಬರು ಎರಡು ತಿಂಗಳ ಮೇಲೆ ಸ್ಪ್ಯಾಮ್ ನೋಡಿದರೆ ಅಲ್ಲೂ ಇರಲಿಲ್ಲವಂತೆ. ಇಷ್ಟು ಬರೆದದ್ದು ಎಲ್ಲಿ ಹೋಯಿತು?
ಬಾಗಲಕೋಟೆಯ ಓದುಗರು

ಅಕ್ಕೋರೆ, ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಜಿಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದದ್ದನ್ನು 30 ದಿನದ ಮೇಲೆ ತಾನಾಗಿಯೇ ಅಳಿಸುತ್ತದೆ. ಅವರ ಕಡೆ ಅದು ಹೋಯಿತು. ಆದರೆ ನಿಮ್ಮ ‘ಸೆಂಟ್’ ಫೋಲ್ಡರ್‌ನಲ್ಲಿ ಬರೆದದ್ದೆಲ್ಲ ಇದೆ. ಮೊದಲು ಅದನ್ನು ತೆರೆದು, ಒಂದೊಂದನ್ನೂ ಬೇರೆ ಕಡೆ ಕಾಪಿ ಮಾಡಿ ಇಡಿ. ಮೊಮ್ಮಕ್ಕಳಿದ್ದರೆ ಅವರಿಗೆ ಈ ಭಾನುವಾರದ ಕೆಲಸ ಇದೇ ಆಗಲಿ.

ನೀವು ಅಂಗಡಿಯವರಲ್ಲ, ಡೊಮೈನ್, ಡಿಮಾರ್ಕ್ ನಿಮಗೆ ಬೇಕಿಲ್ಲ. ಜಿಮೇಲ್‌ನಿಂದಲೇ ಕಳಿಸುವ ಜಿಮೇಲ್ ಪತ್ರಕ್ಕೆ ಆ ಮುದ್ರೆಗಳೆಲ್ಲ ಗೂಗಲ್ ತಾನೇ ಹಾಕುತ್ತದೆ. ಮಾಮೂಲಿ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನಕ್ಕೆ ಕಳಿಸಬಹುದು, ನೀವು ಅದರ ಒಳಗೇ ಇದ್ದೀರಿ. ತೊಂದರೆ ಎರಡು ಕಡೆ ಇರಬಹುದು. 137 ವಿಳಾಸ ಒಮ್ಮೆಲೇ ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಸಾಲು) ಹಾಕಿದರೆ ಅದು ಸಗಟು ಪತ್ರದ ಹಾಗೆ ಕಾಣುತ್ತದೆ. ಅದಕ್ಕೆ ಇಪ್ಪತ್ತೈದು ಜನಕ್ಕೊಂದರಂತೆ ಬೇರೆ ಬೇರೆ ಹೊತ್ತಿನಲ್ಲಿ ಕಳಿಸಿ. ಬಿಸಿಸಿ ಬಿಟ್ಟು ಎಲ್ಲರ ವಿಳಾಸ ಎಲ್ಲರಿಗೂ ಕಾಣುವ ಹಾಗೆ ಮಾತ್ರ ಹಾಕಬೇಡಿ. ಎರಡನೆಯದು, ಸತ್ತ ವಿಳಾಸಗಳು. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಲು ಶುರು ಮಾಡಿದೆ. ಕಳಿಸಿದ ಮೇಲೆ ‘ವಿಳಾಸ ಸಿಗಲಿಲ್ಲ’ ಅಂತ ವಾಪಸ್ ಬಂದವನ್ನು ಪ್ರತಿ ಸಲ ಪಟ್ಟಿಯಿಂದ ತೆಗೆಯಿರಿ. ಆ ಮನೆಯವರಿಗೆ ಫೋನ್ ಮಾಡಿ ಹೊಸ ವಿಳಾಸ ಕೇಳಿ.

ಉಳಿದದ್ದು ಊರಿನವರ ಕೈಯಲ್ಲಿದೆ. ಸ್ಪ್ಯಾಮ್‌ನಲ್ಲಿ ನಿಮ್ಮ ಪತ್ರ ಸಿಕ್ಕರೆ ‘ಸ್ಪ್ಯಾಮ್ ಅಲ್ಲ’ ಅಂತ ಒತ್ತಲಿಕ್ಕೆ ಹೇಳಿ. ಪ್ರಮೋಶನ್ಸ್ ಅನ್ನುವ ಕಡೆ ಸಿಕ್ಕರೆ ಅದನ್ನು ಎಳೆದು ಪ್ರೈಮರಿಗೆ ಬಿಡಲಿ. ನಿಮ್ಮ ವಿಳಾಸವನ್ನು ಕಾಂಟ್ಯಾಕ್ಟ್ಸ್‌ಗೆ ಸೇರಿಸಿಕೊಳ್ಳಲಿ. ಇವೆಲ್ಲಕ್ಕಿಂತ ಬಲವಾದದ್ದು ಅವರು ನಿಮಗೆ ಉತ್ತರ ಬರೆಯುವುದು. ಎರಡೂ ಕಡೆಯಿಂದ ಮಾತು ನಡೆದರೆ ಇವರು ಗುರುತಿನವರು ಅಂತ ಯಂತ್ರಕ್ಕೂ ಗೊತ್ತಾಗುತ್ತದೆ.

ಅದಕ್ಕೆ ಮುಂದಿನ ಪತ್ರದ ಕೊನೆಗೆ ಒಂದು ಪ್ರಶ್ನೆ ಕೇಳಿ. ‘ನಿಮ್ಮ ಮನೆ ಮುಂದೆ ಯಾವ ಗಿಡ ಇತ್ತು? ಒಂದು ಸಾಲು ಬರೆದು ಕಳಿಸಿ.’ ಬೇವು ಅನ್ನುವವರು, ಬನ್ನಿ ಅನ್ನುವವರು, ಹುಣಸಿ ಅನ್ನುವವರು ಬರೆದೇ ಬರೆಯುತ್ತಾರೆ. ಬಂದದ್ದನ್ನೆಲ್ಲ ಅದರ ಮುಂದಿನ ಪತ್ರದಲ್ಲಿ ಹಾಕಿ.

ನನ್ನ ಊರು ಮುಳುಗಲಿಲ್ಲ, ಆದರೂ ಓದಬೇಕು ಅನ್ನಿಸಿದೆ. ಪತ್ರಿಕೆಯ ಕಚೇರಿಯವರು ನನ್ನ ವಿಳಾಸ ನಿಮಗೆ ಕಳಿಸುತ್ತಾರೆ. 138ನೆಯವಳಾಗಿ ನನ್ನ ಹೆಸರು ಬರೆದುಕೊಳ್ಳಿ. ನಾನು ಕೇಳಿಯೇ ಸೇರುತ್ತಿದ್ದೇನೆ.